ನಲವತ್ತಾರೂ ಮುಕ್ಕಾಲು ಮಕ್ಕಳು

ಆ ಕಚೇರಿಯಲ್ಲಿ ಹನ್ನೊಂದು ಕಕ್ಕಸುಗಳಿದ್ದವು. ಹನ್ನೊಂದನ್ನೂ ತೊಳೆಯುವವಳು ಒಬ್ಬಳೇ. ಅವಳಿಗೇ ಅವಸರವಾದರೆ ಹೋಗಲು ಒಂದೂ ಇರಲಿಲ್ಲ. ಹಿಂಬಾಗಿಲು ದಾಟಿ, ಓಣಿಗಿಳಿದು, ಮಗಳು ಓದುವ ಶಾಲೆಯ ಕಕ್ಕಸಿಗೆ ಓಡಬೇಕಿತ್ತು. ಹದಿನಾರು ವರ್ಷದಿಂದ ಓಡುತ್ತಿದ್ದಳು.

ಕಚೇರಿಯವರು ಅವಳನ್ನು ಪೊರಕೆ ಎಂದು ಕರೆಯುತ್ತಿದ್ದರು. "ಪೊರಕೆ ಬಂತಾ?" ಎಂದು ಕೇಳುತ್ತಿದ್ದರು. ಬಂದಳಾ ಅಲ್ಲ, ಬಂತಾ. ಕೈಯಲ್ಲಿರುವ ಪೊರಕೆಯನ್ನು ಕೇಳುತ್ತಿದ್ದಾರೋ ಹಿಡಿದವಳನ್ನು ಕೇಳುತ್ತಿದ್ದಾರೋ ಎಂದು ಮೊದಮೊದಲು ಅವಳಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಎರಡಕ್ಕೂ ಓಗೊಡುವುದು ರೂಢಿಯಾಯಿತು.

ಓಣಿಯಲ್ಲಿ ಮಾತ್ರ ಅವಳು ಮೆಣಸಿನಕಾಯಿಯ ಅಮ್ಮ. ಮೆಣಸಿನಕಾಯಿ ಎಂದರೆ ಅವಳ ಒಂಬತ್ತು ವರ್ಷದ ಮಗಳು, ನಾಲ್ಕನೇ ಕ್ಲಾಸು. ಮೈಯಲ್ಲಿ ಮಾಂಸವಿಲ್ಲ, ಇದ್ದಬದ್ದ ಸತ್ವವೆಲ್ಲ ಬಾಯಿಗೆ ಹೋಗಿತ್ತು.

ಒಂದು ದಿನ ಕಚೇರಿಗೆ ಮೇಲಿನಿಂದ ಒಂದು ಕಾಗದ ಬಂತು. ಇನ್ನು ಮುಂದೆ ಸರ್ಕಾರ ಯಾವ ತೀರ್ಮಾನ ತೆಗೆದುಕೊಂಡರೂ ಅದರಿಂದ ಮಕ್ಕಳಿಗೆ ಏನಾಗುತ್ತದೆ ಎಂದು ಮೊದಲು ನೋಡಬೇಕು. ನೋಡಿದ್ದೇವೆ ಎಂದು ಕಡತದಲ್ಲಿ ಬರೆಯಬೇಕು. ಮಕ್ಕಳಿಗೂ ಹಕ್ಕುಗಳಿವೆಯಂತೆ. ಕಾಗದ ಓದಿ ಸಾಹೇಬರು ಮೂರು ದಿನ ತಲೆ ಕೆಡಿಸಿಕೊಂಡರು. ದಿನಕ್ಕೆ ನೂರು ಕಡತ. ಪ್ರತಿಯೊಂದರಲ್ಲೂ ಮಕ್ಕಳನ್ನು ನೋಡುತ್ತ ಕೂತರೆ ದೊಡ್ಡವರನ್ನು ನೋಡುವುದು ಯಾವಾಗ? ನಾಲ್ಕನೆಯ ದಿನ ಅವರಿಗೆ ದಾರಿ ಹೊಳೆಯಿತು. ಒಂದು ರಬ್ಬರ್ ಸೀಲು ಮಾಡಿಸಿದರು. ಅದರಲ್ಲಿ ಮೂರೇ ಪದ: "ಮಕ್ಕಳ ಹಿತ ಪರಿಗಣಿಸಲಾಗಿದೆ." ಮಕ್ಕಳ ಹಕ್ಕಿನ ಸಮಸ್ಯೆ ಅಲ್ಲಿಗೆ ಮುಗಿಯಿತು.

ನೇರಳೆ ಶಾಯಿಯ ಆ ಸೀಲು ಎಲ್ಲದರ ಮೇಲೂ ಬಿತ್ತು. ಸ್ಮಶಾನದ ಗೋಡೆಗೆ ಬಿತ್ತು. ಹೆಂಡದಂಗಡಿಯ ಪರವಾನಗಿಗೆ ಬಿತ್ತು. ಸಾಹೇಬರ ಕೋಣೆಯ ಪರದೆ ಬದಲಿಸುವುದಕ್ಕೂ ಬಿತ್ತು. ಬೀದಿನಾಯಿಗಳಿಗೆ ಸಂತಾನಹರಣ ಮಾಡಿಸುವ ಕಡತಕ್ಕೂ ಬಿತ್ತು. ಯಾರ ಮಕ್ಕಳ ಹಿತ ಎಂದು ಯಾರೂ ಕೇಳಲಿಲ್ಲ.

ಸೀಲು ಒತ್ತುವವನು ಗುಮಾಸ್ತ. ಅವನು ನಂಬಿಕಸ್ಥ ಮನುಷ್ಯ. ಸಾಹೇಬರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದ. ಕೆಮ್ಮಿದರೂ ಬರೆದುಬಿಡುತ್ತಾನೆ ಎಂದು ಉಳಿದವರು ಆಡಿಕೊಳ್ಳುತ್ತಿದ್ದರು. ಅವನ ಕಿವಿಯಿಂದ ಕೈಗೆ ನೇರ ರಸ್ತೆ, ನಡುವೆ ತಲೆ ಸಿಗುತ್ತಿರಲಿಲ್ಲ. ದಿನಕ್ಕೆ ನೂರು ಸಲ ಸೀಲು ಕುಟ್ಟಿ ಹದಿನೈದು ದಿನಕ್ಕೆ ಅವನ ಮಣಿಕಟ್ಟು ಊದಿಕೊಂಡಿತು. ಪಟ್ಟಿ ಕಟ್ಟಿಕೊಂಡು ಬಂದ. ಪೊರಕೆಯನ್ನು ಕರೆದ.

ಹನ್ನೊಂದು ಕಕ್ಕಸು ಮುಗಿದ ಮೇಲೆ ಅವಳು ಸೀಲು ಒತ್ತಬೇಕು. ಕೂಲಿ ಹೆಚ್ಚಲಿಲ್ಲ, ಕೆಲಸ ಹೆಚ್ಚಿತು. ಮೇಜಿನ ಹತ್ತಿರ ಬರಬಾರದು. ಕುರ್ಚಿ ಮುಟ್ಟಬಾರದು. ಕಸದ ಬುಟ್ಟಿಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂರಬೇಕು. ಗುಮಾಸ್ತ ಕಡತಗಳನ್ನು ನೆಲಕ್ಕಿಟ್ಟು ಕಾಲಿನಿಂದ ಅವಳ ಕಡೆ ತಳ್ಳುತ್ತಿದ್ದ. ಪುಟ ಮುಟ್ಟಬೇಡ, ಸೀಲು ಮಾತ್ರ ಒತ್ತು ಎಂದ. ಮುಟ್ಟದೆ ಒತ್ತುವುದು ಹೇಗೆ ಎಂದು ಹೇಳಲಿಲ್ಲ. ಮೊಣಕಾಲು ಸಿಡಿಯುತ್ತಿತ್ತು. ಆಸಿಡ್ಡಿನಲ್ಲಿ ಬಿರಿದ ಬೆರಳಿನ ಸಂದಿಗೆ ಶಾಯಿ ಇಳಿದು ಉರಿಯುತ್ತಿತ್ತು. ಒಮ್ಮೆ ಕಕ್ಕಸಿನ ಕಬ್ಬಿಣದ ಬಾಗಿಲಿಗೆ ಸಿಕ್ಕಿ ಅವಳ ಬಲಗೈ ಹೆಬ್ಬೆರಳು ಸೊಟ್ಟಗಾಗಿತ್ತು. ಹಾಗಾಗಿ ಅವಳು ಒತ್ತಿದ ಸೀಲು ಯಾವಾಗಲೂ ಎಡಕ್ಕೆ ವಾಲುತ್ತಿತ್ತು. ಮಸಿ ಹರಡಿದರೆ ಬೈಗುಳ. ಅದಕ್ಕೇ ಮೊದಲು ತನ್ನ ಮುಂದೋಳಿನ ಮೇಲೆ ಒತ್ತಿ ನೋಡಿ, ಆಮೇಲೆ ಕಾಗದಕ್ಕೆ ಒತ್ತುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರು ಅವಳ ಕೈಗೆ, ಮೊಸರು ಯಾರ ಬಾಯಿಗೆ ಹೋಯಿತೋ ಗಾದೆ ಕಟ್ಟಿದವರನ್ನೇ ಕೇಳಬೇಕು.

ಸಂಜೆ ಮನೆಗೆ ಹೋದರೆ ಮೆಣಸಿನಕಾಯಿಗೆ ಅಮ್ಮನ ತೋಳೇ ಪಾಠದ ಪುಸ್ತಕ. "ಮಕ್ಕಳ ಹಿತ" ಸಲೀಸಾಗಿ ಬಂತು. ಮೂರನೆಯ ಪದದಲ್ಲಿ ನಾಲಿಗೆ ಮುಗ್ಗರಿಸಿತು. ನಾಲ್ಕು ದಿನ ತೋಳು ಹಿಡಿದುಕೊಂಡು ಕೂತು ಅದನ್ನೂ ಪಳಗಿಸಿದಳು. ಹಾಗೆಂದರೇನು ಎಂದು ಕೇಳಿದಳು. ಅಮ್ಮನಿಗೆ ಗೊತ್ತಿರಲಿಲ್ಲ. ಟೀಚರನ್ನು ಕೇಳು ಎಂದಳು.

ಟೀಚರಿಗೆ ಎರಡು ಕೋಣೆ, ಐದು ಕ್ಲಾಸು. ಒಂದನೇ ಕ್ಲಾಸು ಅಳುತ್ತಿತ್ತು, ಮೂರನೇ ಕ್ಲಾಸು ಹೊಡೆದಾಡುತ್ತಿತ್ತು. ಎರಡನ್ನೂ ಬಿಡಿಸುತ್ತ, ಗಣಿಸೋದು ಅಂದ್ರೆ ಎಣಿಸೋದು, ಪರಿ ಅಂದ್ರೆ ಸುತ್ತ, ಉಳಿದದ್ದು ಆಮೇಲೆ ಹೇಳ್ತೀನಿ ಎಂದರು. ಆಮೇಲೆ ಹೇಳಲು ಅವರಿಗೆ ಬಿಡುವೇ ಆಗಲಿಲ್ಲ. ಮೆಣಸಿನಕಾಯಿ ಎರಡನ್ನೂ ತಾನೇ ಹೊಲಿದುಕೊಂಡು ಮನೆಗೆ ತಂದಳು.

"ಪರಿಗಣಿಸೋದು ಅಂದ್ರೆ ಸುತ್ತ ತಿರುಗಿ ಎಣಿಸೋದಮ್ಮ. ಮಕ್ಕಳನ್ನ ಎಣಿಸಿ ಆಗಿದೆ ಅಂತ ನೀನು ಒತ್ತೋದು."

ಅಮ್ಮನಿಗೆ ಖುಷಿಯಾಯಿತು. ಅವಳಿಗೆ ಎಣಿಕೆ ಎಂದರೆ ಗೊತ್ತು. ಕಚೇರಿಯಲ್ಲಿ ದಿನವೂ ಬೆಳಿಗ್ಗೆ ಬಕೆಟ್ ಎಣಿಸುತ್ತಾರೆ, ಬ್ರಷ್ ಎಣಿಸುತ್ತಾರೆ, ಸೋಪಿನ ಚೂರನ್ನೂ ಎಣಿಸುತ್ತಾರೆ. ಎಣಿಸಿದ್ದು ಕಳೆದುಹೋದರೆ ಹುಡುಕುತ್ತಾರೆ. ಅಂದರೆ ಈಗ ಯಾರೋ ಮಕ್ಕಳನ್ನೂ ಎಣಿಸಿ ಇಡುತ್ತಿದ್ದಾರೆ. ಒಂದು ಕಡಿಮೆಯಾದರೆ ಹುಡುಕುತ್ತಾರೆ. ಮಾರನೆಯ ದಿನದಿಂದ ಅವಳು ಸೀಲನ್ನು ಇನ್ನಷ್ಟು ಮುತುವರ್ಜಿಯಿಂದ ಒತ್ತಿದಳು.

ಒಂದು ಶುಕ್ರವಾರ ಶಾಲೆಯ ಬಾಗಿಲಿಗೆ ಒಂದು ನೋಟೀಸು ಅಂಟಿತು. ಓಣಿಯ ದೊಡ್ಡವರೆಲ್ಲ ನಿಂತರು. ಓದುವವರು ಯಾರೂ ಇರಲಿಲ್ಲ. ಮೆಣಸಿನಕಾಯಿ ಮೆಟ್ಟಿಲು ಹತ್ತಿ ಓದಿದಳು. ಈ ಶಾಲೆಯನ್ನು ಮುಂದಿನ ತಿಂಗಳಿನಿಂದ ಮುಚ್ಚಿ, ದೊಡ್ಡ ರಸ್ತೆಯ ಆಚೆಗಿನ ಶಾಲೆಗೆ ಸೇರಿಸಲು ಉದ್ದೇಶಿಸಲಾಗಿದೆ. ಈ ಜಾಗವನ್ನು ಕಚೇರಿಯ ವಾಹನಗಳನ್ನು ನಿಲ್ಲಿಸಲು ಬಳಸಿಕೊಳ್ಳಲಾಗುವುದು.

ವಿಷಯ ಇಷ್ಟೇ. ಶಾಲೆಯ ಅಂಗಳದಲ್ಲಿ ಎರಡು ದೊಡ್ಡ ಮರಗಳಿದ್ದವು. ಕಚೇರಿಯ ಮುಂದೆ ಒಂದೂ ಇರಲಿಲ್ಲ. ಮಧ್ಯಾಹ್ನ ಸಾಹೇಬರ ಕಾರಿನ ಸೀಟು ಕಾದು ಹೆಂಚಾಗುತ್ತಿತ್ತು. ಒಮ್ಮೆ ಕೂತವರು ಕೂತಷ್ಟೇ ವೇಗದಲ್ಲಿ ಎದ್ದಿದ್ದನ್ನು ಇಡೀ ಕಚೇರಿ ನೋಡಿತ್ತು. ಕಾರಿಗೆ ನೆರಳು ಬೇಕು. ಮಕ್ಕಳಿಗೆ ಬಿಸಿಲು ಒಳ್ಳೆಯದು, ವಿಟಮಿನ್ನು.

ದೊಡ್ಡ ರಸ್ತೆ ಎಂದರೆ ಆರು ಸಾಲು ಲಾರಿ. ದಾಟಲು ಸೇತುವೆಯಿಲ್ಲ, ದೀಪವಿಲ್ಲ. ಓಣಿಯ ನಾಯಿ ಹಿಂದಿನ ವರ್ಷ ಒಮ್ಮೆ ದಾಟಿತ್ತು. ಮೂರು ಕಾಲಲ್ಲಿ ವಾಪಸು ಬಂತು. ಆಗಷ್ಟೇ ಕಾಲು, ಅರ್ಧ, ಮುಕ್ಕಾಲು ಕಲಿಯುತ್ತಿದ್ದ ಮೆಣಸಿನಕಾಯಿ ಅದಕ್ಕೆ ಮುಕ್ಕಾಲು ಎಂದು ಹೆಸರಿಟ್ಟಳು. ನಾಯಿ ಬೇಜಾರು ಮಾಡಿಕೊಳ್ಳಲಿಲ್ಲ. ಕರೆದರೆ ಕುಂಟಿಕೊಂಡು ಬರುತ್ತಿತ್ತು.

ನೋಟೀಸಿನ ಕೆಳಗೆ ನೇರಳೆ ಸೀಲು ಇತ್ತು. ಮೆಣಸಿನಕಾಯಿ ಅದನ್ನೂ ಓದಿದಳು. ಆಮೇಲೆ ತಿರುಗಿ ನೋಡಿದಳು.

"ಅಮ್ಮ, ಇದು ನೀನು ಒತ್ತಿದ್ದು. ಎಡಕ್ಕೆ ವಾಲಿದೆ."

ಓಣಿಯೆಲ್ಲ ಅವಳ ಕಡೆ ನೋಡಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಸೊಟ್ಟ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಮನೆಗೆ ಹೋದಳು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಸೋಮವಾರ ಬೆಳಿಗ್ಗೆ, ಕಕ್ಕಸು ತೊಳೆಯುವ ಮೊದಲೇ ಅವಳನ್ನು ಕರೆದು, ಗುಮಾಸ್ತ ಅಂತಿಮ ಆದೇಶದ ಏಳು ಪ್ರತಿಗಳನ್ನು ಕಾಲಿನಿಂದ ತಳ್ಳಿದ. ಸಂಜೆಯೊಳಗೆ ಮೇಲಿನ ಕಚೇರಿಗೆ ಹೋಗಬೇಕು, ಬೇಗ ಬೇಗ ಒತ್ತು ಎಂದ. ಅವಳು ಕೂರಲಿಲ್ಲ. ಇದು ನಮ್ಮ ಓಣಿ ಶಾಲೆದಾ ಎಂದು ಕೇಳಿದಳು. ಹೌದು ಎಂದ.

"ಒತ್ತಲ್ಲ."

ಗುಮಾಸ್ತ ತಲೆಯೆತ್ತಿದ. ಪೊರಕೆ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಏನು ಎಂದ.

"ಎಣಿಸಿಲ್ಲ. ಎಣಿಸಿ ಆಗಿದೆ ಅಂತ ಸುಳ್ಳು ಸೀಲು ನಾನು ಒತ್ತಲ್ಲ. ಯಾರು ಬಂದಿದ್ರು? ಯಾವತ್ತು ಎಣಿಸಿದ್ರು?"

ಗುಮಾಸ್ತ ನಕ್ಕ. ಆಮೇಲೆ ಬೈದ. ಆಮೇಲೆ ಪಟ್ಟಿ ಕಟ್ಟಿದ ಕೈಯಿಂದ ತಾನೇ ಒತ್ತುತ್ತೇನೆ ಎಂದು ಸೀಲಿಗೆ ಕೈ ಚಾಚಿದ. ಅವಳು ಸೀಲನ್ನು ತನ್ನ ಬಕೆಟ್ಟಿಗೆ ಹಾಕಿದಳು. ಡುಬುಕ್ ಎಂದಿತು.

ಅದು ಕಕ್ಕಸು ತೊಳೆಯುವ ಬಕೆಟ್ಟು. ಅರ್ಧ ನೀರು, ಮೂರು ಬ್ರಷ್ಷು, ಮತ್ತೇನೇನೋ. ಹದಿನಾರು ವರ್ಷದಲ್ಲಿ ಆ ಬಕೆಟ್ಟಿನ ಹತ್ತಿರ ಒಬ್ಬನೂ ಸುಳಿದಿರಲಿಲ್ಲ. ಅದು ಎದುರು ಬಂದರೆ ಸಾಹೇಬರೇ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಅದಕ್ಕೆ ಕೈ ಹಾಕುವ ಗಂಡು ಆ ಕಚೇರಿಯಲ್ಲಿ ಹುಟ್ಟಿರಲಿಲ್ಲ. ಯಾವ ಬಕೆಟ್ಟಿನ ದೆಸೆಯಿಂದ ಅವಳನ್ನು ದೂರ ಇಟ್ಟಿದ್ದರೋ ಅದೇ ಬಕೆಟ್ಟು ಈಗ ಅವಳ ಕಬ್ಬಿಣದ ಪೆಟ್ಟಿಗೆಯಾಯಿತು.

ಕಚೇರಿಯೆಲ್ಲ ಬಂದು ಬಕೆಟ್ಟಿನ ಸುತ್ತ ನಿಂತಿತು, ನಾಲ್ಕು ಅಡಿ ದೂರದಲ್ಲಿ. ಒಬ್ಬ ಅಳತೆಪಟ್ಟಿ ತಂದು ಸೀಲನ್ನು ಎತ್ತಲು ನೋಡಿದ, ಮೂಗು ಮುಚ್ಚಿಕೊಂಡು ವಾಪಸು ಹೋದ. ಹೊಸ ಸೀಲು ಮಾಡಿಸೋಣ ಎಂದ ಇನ್ನೊಬ್ಬ. ಹೊಸ ಸೀಲಿಗೆ ಕಡತ ಬೇಕು. ಯಾವ ಕಡತಕ್ಕಾದರೂ ಮಕ್ಕಳ ಹಿತದ ಸೀಲು ಬೇಕು. ಆ ಸೀಲು ಬಕೆಟ್ಟಿನಲ್ಲಿತ್ತು.

ಸಾಹೇಬರು ಹೊರಗೆ ಬಂದರು. ಅವಳ ಜೊತೆ ನೇರವಾಗಿ ಮಾತಾಡಿದ್ದು ಅದೇ ಮೊದಲು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು. ಆ ಕೆಲಸ ಹೋದರೆ ಒಲೆ ಉರಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಸರಿ ಸಾರ್ ಎಂದು ಬಕೆಟ್ ಎತ್ತಿಕೊಂಡು ಹೊರಟಳು. ಸೀಲೂ ಹೊರಟಿತು. ಸಾಹೇಬರು ನಿಲ್ಲು ಎಂದರು.

"ನಿನಗೆ ಏನು ಬೇಕು?"

"ಎಣಿಸಿ ಸಾರ್. ಎಣಿಸಿದ್ರೆ ಒತ್ತುತೀನಿ. ಮಾತು ಅಂದ್ರೆ ಮಾತು."

ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಬೆಳಿಗ್ಗೆಯಿಂದ ಹನ್ನೊಂದು ಕಕ್ಕಸುಗಳಿಗೆ ನೀರು ಬಿದ್ದಿರಲಿಲ್ಲ, ಅದೂ ಮೂಗಿಗೆ ತಿಳಿಯುತ್ತಿತ್ತು. ನಾಲ್ಕು ಹೆಜ್ಜೆ ದೂರದ ಶಾಲೆ. ತಲೆ ಎಣಿಸಿ ಬಂದರೆ ಹತ್ತು ನಿಮಿಷ. ಸಾಹೇಬರು ಕನ್ನಡಕ ಒರೆಸಿಕೊಂಡು ನಡೆದರು. ಹಿಂದೆ ಗುಮಾಸ್ತ, ಕಂಕುಳಲ್ಲಿ ಏಳು ಪ್ರತಿಗಳು, ಎಡಗೈಯಲ್ಲಿ ಪೆನ್ನು. ಅವನ ಹಿಂದೆ ಬಕೆಟ್ಟು.

ಟೀಚರು ಗಂಟೆ ಹೊಡೆದು ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಹೋದರು. ಮೆಣಸಿನಕಾಯಿ ಅಡ್ಡ ಬಂದಳು. ಸಾಲಲ್ಲ, ಗುಂಡಗೆ ನಿಲ್ಲಬೇಕು, ಸಾಹೇಬರು ಸುತ್ತ ತಿರುಗಿ ಎಣಿಸಬೇಕು, ಅವರ ಸೀಲಿನಲ್ಲೇ ಹಾಗಿದೆ ಎಂದಳು. ಸಾಹೇಬರಿಗೆ ನಗು ಬಂತು. ಪರಿಗಣಿಸುವುದು ಎಂದರೆ ಹಾಗಲ್ಲ ಮಗು ಎಂದರು.

"ಮತ್ತೆ ಹೇಗೆ ಸಾರ್?"

ಸಾಹೇಬರು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಇತ್ತು. ದಿನಕ್ಕೆ ನೂರು ಸಲ, ನಾಲ್ಕು ತಿಂಗಳು, ಅಷ್ಟು ಸಲ ಮಾಡಿದ ಕೆಲಸವನ್ನು ಹೇಗೆ ಮಾಡುವುದು ಎಂದು ಅವರಿಗೆ ಗೊತ್ತಿರಲಿಲ್ಲ. ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ಬರೆದುಕೊಳ್ಳಲು ಕಾಯುತ್ತಿದ್ದ. ಸಾಹೇಬರು ಬಾಯಿ ಮುಚ್ಚಿ ಸುತ್ತ ತಿರುಗಲು ಶುರು ಮಾಡಿದರು.

ಮಕ್ಕಳನ್ನು ಎಣಿಸುವುದೂ ಒಂದೇ, ತಕ್ಕಡಿಯಲ್ಲಿ ಕಪ್ಪೆ ತೂಗುವುದೂ ಒಂದೇ. ಮೊದಲ ಸುತ್ತಿಗೆ ಐವತ್ತೆರಡು ಬಂತು. ಅಷ್ಟು ಮಕ್ಕಳು ಇಲ್ಲವಲ್ಲ ಸಾರ್ ಎಂದರು ಟೀಚರು. ಎಣಿಸಿಕೊಂಡವರು ಇನ್ನೊಮ್ಮೆ ಎಣಿಸಿಕೊಳ್ಳುವ ಆಸೆಗೆ ಮುಂದೆ ಓಡಿ ನಿಲ್ಲುತ್ತಿದ್ದರು. ಅವರ ತಲೆ ಮೇಲೆ ಯಾರೂ ಹಾಗೆ ಕೈ ಇಟ್ಟು ಒಂದು, ಎರಡು ಎಂದಿರಲಿಲ್ಲ. ಎರಡನೆಯ ಸುತ್ತಿಗೆ ಮೂವತ್ತೊಂಬತ್ತು. ಮೂರನೆಯ ಸುತ್ತಿನಲ್ಲಿ ಸಾಹೇಬರು ಎಲ್ಲಿ ಶುರು ಮಾಡಿದ್ದೆ ಎಂಬುದನ್ನೇ ಮರೆತು ಅರವತ್ತರವರೆಗೆ ಹೋದರು. ಒಂದನೇ ಕ್ಲಾಸಿನ ಒಂದು ಪುಟ್ಟಿ ಅವರ ಪ್ಯಾಂಟು ಹಿಡಿದುಕೊಂಡು ಅವರ ಜೊತೆಗೇ ತಿರುಗುತ್ತಿದ್ದುದರಿಂದ ಅವಳು ಯಾವ ಸುತ್ತಿನಲ್ಲೂ ಎಣಿಕೆಗೆ ಸಿಗಲಿಲ್ಲ. ತಿರುಗಿ ತಿರುಗಿ ಸಾಹೇಬರಿಗೆ ತಲೆ ಸುತ್ತಿತು. ಹತ್ತಿರದ ಹುಡುಗನ ಭುಜ ಹಿಡಿದರು. ನನ್ನ ಆಗಲೇ ಎಣಿಸಿದೀರಿ ಸಾರ್ ಎಂದ ಅವನು. ಬಿಸಿಲಿಗೆ ಬೆವರು ಇಳಿಯುತ್ತಿತ್ತು. ಮರದ ಕೆಳಗೆ ಬನ್ನಿ ಸಾರ್ ಎಂದರು ಟೀಚರು. ಸಾಹೇಬರು ಬಂದರು. ನೆರಳು ನಿಜಕ್ಕೂ ಚೆನ್ನಾಗಿತ್ತು.

ಅಮ್ಮ ಬಕೆಟ್ ಹಿಡಿದುಕೊಂಡೇ ನಿಂತಿದ್ದಳು. ನಗು ಬರುತ್ತಿತ್ತು, ನಗಲು ಧೈರ್ಯವಿರಲಿಲ್ಲ.

ಉಪಾಯ ಹೇಳಿದವಳು ಮೆಣಸಿನಕಾಯಿಯೇ. ಅಲ್ಲಾಡದ ಒಂದು ಗುರುತು ಬೇಕು. ಅಲ್ಲಿಂದ ಶುರು ಮಾಡಿ ಅಲ್ಲಿಗೇ ಬಂದು ನಿಲ್ಲಬೇಕು. ಅಂಗಳದಲ್ಲಿ ಅಲ್ಲಾಡದೆ ಇದ್ದದ್ದು ಮುಕ್ಕಾಲು ಒಂದೇ, ಬೇರಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿತ್ತು. ಮಕ್ಕಳು ಅದರ ಪಕ್ಕದಿಂದ ಕೈ ಕೈ ಹಿಡಿದು ಮರದ ಸುತ್ತ ನಿಂತರು. ಸಾಹೇಬರು ಮುಟ್ಟಿದ ಮಗು ತನ್ನ ಅಂಕಿಯನ್ನು ಕೂಗಬೇಕು. ಗುಮಾಸ್ತ ಬರೆದುಕೊಳ್ಳಬೇಕು. ಪ್ಯಾಂಟಿಗೆ ಜೋತಿದ್ದ ಪುಟ್ಟಿಯನ್ನು ಬಿಡಿಸಿ ಕೊನೆಯಲ್ಲಿ ನಿಲ್ಲಿಸಿದರು. ಒಂದು, ಎರಡು, ಮೂರು ಎಂದು ಅಂಗಳ ಕೂಗಿತು. ಪುಟ್ಟಿ ನಲವತ್ತಾರು ಎಂದು ಕಿರುಚಿದಳು. ಸಾಹೇಬರು ಅದೇ ಓಘದಲ್ಲಿ ಬಗ್ಗಿ ನಾಯಿಯ ತಲೆಯನ್ನೂ ಮುಟ್ಟಿದರು. ಶಾಲೆಗೆ ಶಾಲೆಯೇ ಕೂಗಿತು:

"ಮುಕ್ಕಾಲು!"

ಗುಮಾಸ್ತ ಕೇಳಿದ್ದನ್ನು ಏಳೂ ಪ್ರತಿಗಳಲ್ಲಿ ಬರೆದ. ಒಟ್ಟು ಮಕ್ಕಳು: ನಲವತ್ತಾರೂ ಮುಕ್ಕಾಲು. ಸಾಹೇಬರು ಎಂದಿನಂತೆ ಓದದೆ ಸಹಿ ಹಾಕಿದರು. ಅಮ್ಮ ಬಕೆಟ್ಟಿಗೆ ಕೈ ಹಾಕಿ ಸೀಲು ತೆಗೆದು, ಎರಡು ಸಲ ಕೊಡವಿ, ಏಳೂ ಪ್ರತಿಗಳಿಗೆ ಒತ್ತಿದಳು. ಆ ಪ್ರತಿಗಳನ್ನು ಗುಮಾಸ್ತ ಎರಡು ಬೆರಳ ತುದಿಯಲ್ಲಿ ಹಿಡಿದುಕೊಂಡು ಹೋದ.

ಸಂಜೆ ಅವಳು ಹನ್ನೊಂದು ಕಕ್ಕಸು ತೊಳೆದಳು. ಹನ್ನೊಂದನೆಯದನ್ನು ತೊಳೆಯುವಾಗ ಅವಳಿಗೆ ಹೊಳೆಯಿತು. ಎಣಿಸಿ ಆಯಿತು, ಸೀಲೂ ಬಿತ್ತು. ಶಾಲೆ ಮುಚ್ಚುವುದೇನೂ ನಿಲ್ಲಲಿಲ್ಲ. ಎಣಿಸಿದ ಮೇಲೂ ಮುಚ್ಚುತ್ತಾರೆ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಎಣಿಸಿದವರಿಗೆ ಕಳೆದುಕೊಳ್ಳಲು ಮನಸ್ಸು ಬರುವುದಿಲ್ಲ ಎಂದು ನಂಬಿದ್ದಳು. ಬ್ರಷ್ಷು ಬಿಸಾಕಿ ಅಲ್ಲೇ ಕುಕ್ಕರಿಸಿ ಅತ್ತಳು. ಅತ್ತು ಮುಗಿದ ಮೇಲೆ, ಯಾರಪ್ಪನ ಗಂಟು ಎಂದು, ಅದೇ ಕಕ್ಕಸನ್ನು ಬಳಸಿ, ಇನ್ನೊಮ್ಮೆ ತೊಳೆದು ಹೊರಗೆ ಬಂದಳು. ಆಕಾಶವೇನೂ ಕಳಚಿ ಬೀಳಲಿಲ್ಲ.

ಒಂಬತ್ತನೆಯ ದಿನ ಮೇಲಿನ ಕಚೇರಿಯಿಂದ ಕಡತ ವಾಪಸು ಬಂತು. ಅಲ್ಲಿ ಮಕ್ಕಳ ಹಿತವನ್ನು ಯಾರೂ ಓದಿರಲಿಲ್ಲ, ಮುಕ್ಕಾಲನ್ನು ಎಲ್ಲರೂ ಓದಿದ್ದರು. ಜೊತೆಗೆ ಒಂದು ಕಾಗದವಿತ್ತು. ಸದರಿ ಶಾಲೆಯಲ್ಲಿ ನಲವತ್ತಾರೂ ಮುಕ್ಕಾಲು ಮಕ್ಕಳಿರುವುದಾಗಿ ತಿಳಿಸಲಾಗಿದೆ. ಉಳಿದ ಕಾಲು ಎಲ್ಲಿ ಎಂಬುದಕ್ಕೆ ವಿವರಣೆ ಸಲ್ಲಿಸತಕ್ಕದ್ದು. ಅಲ್ಲಿಯವರೆಗೆ ಆದೇಶವನ್ನು ತಡೆಹಿಡಿಯಲಾಗಿದೆ.

ಸಾಹೇಬರಿಗೆ ಅದು ಬಿಸಿ ತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಮಕ್ಕಳ ಜೊತೆ ನಾಯಿಯನ್ನು ಎಣಿಸಿದೆ ಎಂದು ಬರೆದರೆ ನಾಡೆಲ್ಲ ನಗುತ್ತದೆ. ಎಣಿಕೆ ತಪ್ಪಾಗಿದೆ ಎಂದು ಬರೆದರೆ ಪರಿಗಣಿಸಿದ್ದೂ ತಪ್ಪು, ಆಗ ಅಷ್ಟೂ ಹಳೆಯ ಕಡತಗಳನ್ನು ಕೆದಕುತ್ತಾರೆ. ಪರದೆಯ ಕಡತವೂ ಅದರಲ್ಲಿದೆ ಎಂದು ಅವರಿಗೆ ನೆನಪಾಯಿತು. ಕೂಗಿದವರನ್ನೇ ಕರೆಸು ಎಂದರು. ಗುಮಾಸ್ತ ಮೆಣಸಿನಕಾಯಿಯನ್ನು ಕರೆತಂದ. ಅಮ್ಮ ಬಕೆಟ್ ಬದಿಗಿಟ್ಟು ಮಗಳ ಹಿಂದೆ ಬಂದು ನಿಂತಳು.

ಉಳಿದ ಕಾಲು ಎಲ್ಲಿ ಎಂದು ಕೇಳುತ್ತಿದ್ದಾರೆ, ಏನು ಬರೆಯೋಣ ಎಂದು ಸಾಹೇಬರು ಕೇಳಿದರು. ದನಿಯಲ್ಲಿ ಅಧಿಕಾರ ಉಳಿದಿರಲಿಲ್ಲ. ಮೆಣಸಿನಕಾಯಿ ಹೇಳಿದಳು. ಗುಮಾಸ್ತ ಕೇಳಿದ್ದನ್ನು ಕೇಳಿದ ಹಾಗೇ ಬರೆದ. ಸಾಹೇಬರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದವರು ಒಂದು ಕೈ ಬಿಡಿಸಿ ಸಹಿ ಹಾಕಿದರು. ಗುಮಾಸ್ತ ರೂಢಿಯಂತೆ ಕಾಗದವನ್ನು ನೆಲಕ್ಕಿಟ್ಟು ಕಾಲಿನಿಂದ ತಳ್ಳಿದ.

"ಎತ್ತಿ ಮೇಜಿನ ಮೇಲಿಡಿ," ಎಂದಳು ಅಮ್ಮ. "ಜೋರಾಗಿ ಓದಿ. ಇನ್ನು ಮುಂದೆ ಓದದೆ ಒತ್ತಲ್ಲ."

ಗುಮಾಸ್ತ ಸಾಹೇಬರ ಕಡೆ ನೋಡಿದ. ಸಾಹೇಬರು ಕಿಟಕಿಯ ಕಡೆ ನೋಡಿದರು. ಗುಮಾಸ್ತ ಬಗ್ಗಿ ಕಾಗದ ಎತ್ತಿ ಓದಿದ.

"ಉಳಿದ ಕಾಲು ದೊಡ್ಡ ರಸ್ತೆ ಮೇಲಿದೆ. ಒಂದು ಸಲ ದಾಟಿದ್ದಕ್ಕೆ ಒಂದು ಕಾಲು ಹೋಯ್ತು. ನಾವು ನಲವತ್ತಾರು ಜನ. ದಿನಕ್ಕೆ ಎರಡು ಸಲ ದಾಟಬೇಕು. ನೀವೇ ಎಣಿಸಿಕೊಳ್ಳಿ."

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ಸೀಲನ್ನು ಮೊದಲು ತನ್ನ ತೋಳಿನ ಮೇಲೆ ಒತ್ತಿ ನೋಡಿದಳು, ಆಮೇಲೆ ಕಾಗದದ ಮೇಲೆ ಒತ್ತಿದಳು.